ಶೇಷ

ಏಳು ಗಂಟೆಗೆ ಫೋರ್ಟಿನ ಆಫೀಸುಗಳು ಬರಿದಾದರೆ
ನಮ್ಮ ಹೊಟೇಲಿನ ಶಟರು ಅರ್ಧಕ್ಕಿಳಿಯುತ್ತಿತ್ತು.
ಅದರಡಿ ಬಗ್ಗಿ ಹೊರಬಿದ್ದು ಓಡುತ್ತಿದ್ದೆವು
ನಾನು, ತ್ಯಾಂಪ, ಚಟ್ನಿ ಅರೆಯುವ ಜಾರಪ್ಪ,
ಹಗಲಿಡೀ ಯಾರದೋ ಮಕ್ಕಳು ಸವೆಸಿದ
ಮುನಿಸಿಪಾಲಿಟಿ ಶಾಲೆಯ ಎರಡನೇ ಮಾಳಿಗೆಗೆ.
ಆ ಬೆಂಚಿನಡಿ ನಮ್ಮ ಮೊಣಕಾಲು ಹಿಡಿಸುತ್ತಿರಲಿಲ್ಲ.

ಪಾಂಗಾಳ ಮೇಷ್ಟ್ರು ಹಗಲು ಬಂದರದಲ್ಲಿ ಗುಮಾಸ್ತ;
ಕಿಸೆಯಲ್ಲಿ ಶಾಯಿಯ ಕಲೆ, ಕೈಯಲ್ಲಿ ಮೋಟು ಸೀಮೆಸುಣ್ಣ.
ಬರೆದರು: ಹದಿನೇಳು ಭಾಗಿಸು ಐದು.
ಜಾರಪ್ಪನದು ಆಗಲೇ ಗೊರಕೆ.

ಬೈಯಲಿಲ್ಲ. ಅಳಿಸಿದರು.
"ಒಂದು ಹೊಟೇಲು" ಅಂದರು.
ಜಾರಪ್ಪನ ಒಂದು ಕಣ್ಣು ತೆರೆಯಿತು.
"ಧಣಿ ಜಿಪುಣ. ರೈಲು ನಿಂತಿದೆ.
ಐದು ಮೇಜಿನಲ್ಲಿ ಐದು ಜನ, ಮನೆ ಸೇರಲಾರದವರು.
ಒಳಗೆ ಉಳಿದದ್ದು ಹದಿನೇಳೇ ಬನ್ಸ್."
"ಚಟ್ನಿ?" ಎಂದ ಜಾರಪ್ಪ, ಪೂರಾ ಎದ್ದು.
"ಉಂಟು ಮಾರಾಯ, ನೀನೇ ಅರೆದದ್ದು."

ಹಂಚಿದೆವು. ತಲೆಗೆ ಮೂರು.
ಕೊಡೆ ಹಿಡಿದ ಮುದುಕನಿಗೆ ಒಂದು ಹೆಚ್ಚು ಕೊಡುವ ಎಂದ ತ್ಯಾಂಪ;
ಮೇಷ್ಟ್ರು ಬಿಡಲಿಲ್ಲ.
"ಉಳಿದ ಎರಡು?"
"ಧಣಿಗೆ" ಎಂದಿತು ಹಿಂದಿನ ಬೆಂಚು.
"ನಾಳೆ ಬಿಸಿ ಮಾಡಿ ಮಾರಲಿಕ್ಕೆ" ಎಂದ ಒಬ್ಬ ಅನುಭವಸ್ಥ.
ಅಲ್ಲಿಯವರೆಗೆ ಬಾಯಿಬಿಡದ ನಾನು
"ತಟ್ಟೆ ತೊಳೆಯುವವನಿಗೆ" ಅಂದೆ.

ಯಾರೂ ನಗಲಿಲ್ಲ.
ಮೇಷ್ಟ್ರು ಬೋರ್ಡಿಗೆ ತಿರುಗಿ
ಎರಡರ ಎದುರು 'ಶೇಷ' ಎಂದು ಬರೆದರು,
ತುಸು ಹೊತ್ತು ನಮ್ಮ ಕಡೆ ತಿರುಗಲಿಲ್ಲ.

ಆಮೇಲೆ ಎಸ್ಸೆಸ್ಸಿ, ಎರಡನೇ ಸಲಕ್ಕೆ.
ಬ್ಯಾಂಕಿನ ಕ್ಯಾಷು ಕಿಟಕಿ. ಡೊಂಬಿವಲಿಯಲ್ಲಿ ಒಂದೂವರೆ ಕೋಣೆ.
ಬಡ್ಡಿ, ಕಂತು, ಸೊಸೈಟಿಯ ನೀರಿನ ಬಿಲ್ಲು,
ಯಾವ ಲೆಕ್ಕ ಬರಲಿ, ಮೊದಲು ಐದು ಮೇಜು ಹಾಕುತ್ತೇನೆ,
ಆಮೇಲೆ ಒಳಗೆ ನಲ್ಲಿಯ ಸದ್ದು ಕೇಳುತ್ತದೆಯೇ ಎಂದು
ಕಿವಿಗೊಡುತ್ತೇನೆ.

ನಿನ್ನೆ ಮೊಮ್ಮಗಳು ಮಾಡಿ ತೋರಿಸಿದಳು:
ಮೂರು ಬಿಂದು ನಾಲ್ಕು.
"ಶೇಷವೇ ಇಲ್ಲ, ಆಜೋಬಾ."
ಆ ಎರಡನ್ನೂ ಚೂರು ಮಾಡಿ
ಮೇಜಿನವರಿಗೇ ಬಡಿಸಿಬಿಟ್ಟಿದ್ದಾಳೆ.
ತಪ್ಪೇನಿಲ್ಲ. ಟೀಚರು ರೈಟು ಹಾಕಿದ್ದಾರೆ.

"ಒಂದು ಹೊಟೇಲು" ಅಂದೆ.
ಕೇಳಿದಳು, ಮೊಬೈಲು ಮಗುಚಿಟ್ಟು.
ಚಟ್ನಿಯ ಬಗ್ಗೆಯೂ ವಿಚಾರಿಸಿದಳು.
ಉತ್ತರ ಅಳಿಸಲಿಲ್ಲ; ಪೆನ್ಸಿಲ್ಲು ಕಚ್ಚಿ
"ಅವನ ಹೆಸರೇನು,
ಆ ತಟ್ಟೆ ತೊಳೆಯುವವನದು?"

ಐವತ್ತು ಚಿಲ್ಲರೆ ವರ್ಷದಲ್ಲಿ
ಅದನ್ನು ಯಾರೂ ಕೇಳಿರಲಿಲ್ಲ.
ಮೇಷ್ಟ್ರು ಕೂಡ.