ಜ್ವರಕ್ಕೆ ಕೂತ ಬೋರ್ಡು

ಮೂರು ಬೋರ್ಡು ಬಂದಿವೆ ಕೊರಿಯರಿನಲ್ಲಿ,
ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಚೂರು ಉದ್ದ.
ವಾರ್ನಿಷ್ ವಾಸನೆಯ ಈ ಮೇಜಿನ ಮೇಲೆ
ಇಷ್ಟು ಸಣ್ಣದನ್ನು ನಾನು ಇಟ್ಟದ್ದೇ ಇಲ್ಲ.
ಶಿಡ್ಲಘಟ್ಟದಲ್ಲಿ ಊರೆಲ್ಲ ರೇಷ್ಮೆ ಸುತ್ತಿದರೆ
ನಾನು ತಾಮ್ರ ಸುತ್ತುವವನು:
ಏಳೂವರೆ ಎಚ್‌ಪಿ, ಹತ್ತು ಎಚ್‌ಪಿ,
ಸಾವಿರದಿನ್ನೂರು ಅಡಿಯಿಂದ ಎತ್ತಿ ತಂದ ಸುಟ್ಟ ಹೊಟ್ಟೆಗಳು.
ಶಟರ್ ಎಳೆದ ಮೇಲೆ ಇದು ನನ್ನ ಚಟ.
ಬೇರೆಯವರಿಗೆ ಇಸ್ಪೀಟು.

ಚಟಕ್ಕೂ ಈಗ ಗಿರಾಕಿ ಸಿಕ್ಕಿದ್ದಾರೆ,
ಹಂಡಿಗನಾಳದ ಪಿಳ್ಳಮುನಿಯಮ್ಮ.
‘ಹುಳದ ಮನೆ ಬಿಸಿ ಎಷ್ಟು, ತೇವ ಎಷ್ಟು,
ಮಲಗಿದ್ದಲ್ಲೇ ಕಾಣೋ ಹಂಗೆ ಒಂದು ಮಾಡ್ಕೊಡಪ್ಪ.
ರಾತ್ರಿ ಮೂರು ಸಲ ಎದ್ದು ಹೋಗಿ
ಮಂಡಿ ಬಿದ್ದೋಗದೆ.’

ಮೊದಲನೆಯವನು ಹಳಬ, ಅಗ್ಗ, ಇನ್ನೂರು ಚಿಲ್ಲರೆ.
ಅಳೆಯಲು ಒಂದೇ ಒಂದು ಕಾಲು.
ಮಲಗಿಸಿದರೆ ತಾನಾಗಿ ಏಳಲಾರ,
ಅವನದೇ ಒಂದು ಕಾಲಿಂದ ಇನ್ನೊಂದಕ್ಕೆ ತಂತಿ ಕಟ್ಟಬೇಕು,
ತನ್ನ ಬಾಗಿಲು ತಾನೇ ತಟ್ಟಿಕೊಳ್ಳುವ ಹಾಗೆ.

ಎರಡನೆಯದಕ್ಕೆ ಎರಡು ಮಿದುಳು, ಬ್ಲೂಟೂತು,
ಮೂವತ್ತು ಕಾಲು. ಆದರೆ ವೈಫೈ ಹತ್ತಿದ ಕೂಡಲೇ
ಕೆಲವು ಕಾಲು ಅಳೆಯುವುದನ್ನೇ ಮರೆಯುತ್ತವೆ.
ನನ್ನ ಕೈಕೆಳಗಿನ ಮುದಸ್ಸಿರ್ ಇದರ ಪಕ್ಷ:
‘ಅಣ್ಣಾ, ಹೆಚ್ಚಿದ್ರೆ ತಪ್ಪೇನು?’
ಎಚ್‌ಪಿ ಹೆಚ್ಚಿದರೆ ನೀರು ಹೆಚ್ಚೀತೆಂದು
ನಂಬಿದವರ ಮೋಟಾರುಗಳೇ ನಮ್ಮಿಬ್ಬರ ಅನ್ನ.
ಅವನಿಗೆ ಹೇಳಲಿಲ್ಲ.

ಮೂರನೆಯದು ಕಾಲೇ ಇಲ್ಲದೆ ಬಂದಿದೆ,
ನಲವತ್ತು ಪಿನ್ನು ನಾನೇ ಬೆಸೆಯಬೇಕು.
ಅದರ ಕೈಪಿಡಿ ಮಾತ್ರ ಎಷ್ಟು ಚೊಕ್ಕ!
ಓದುತ್ತ ಕೂತರೆ ಟೀ ಆರುತ್ತದೆ.

ಭಾನುವಾರ ಮೂರನ್ನೂ ಜೇಬಿಗಿಳಿಸಿ ಹೋದೆ.
ಮನೆಯಿಂದ ಹುಳದ ಮನೆಗೆ ನೂರಾಹತ್ತು ಹೆಜ್ಜೆ,
ನಡುವೆ ಎದೆಮಟ್ಟ ಹಿಪ್ಪುನೇರಳೆ, ಆಚೆ ತಗಡು.
ಸುಣ್ಣ ತುಳಿದು ಒಳಗೆ ಕಾಲಿಟ್ಟರೆ
ಒಂದೂ ಮಿಸುಕುತ್ತಿಲ್ಲ.
ಅಟ್ಟಣೆಯ ಉದ್ದಕ್ಕೂ ತಲೆ ಎತ್ತಿ ಕಲ್ಲಾಗಿವೆ.
‘ಸತ್ತವಾ?’ ಅಂದೆ.
‘ಥೂ, ಬಿಡ್ತು ಅನ್ನು!’ ಆಕೆಯ ದನಿ ಪಿಸುಗುಟ್ಟಿತು.
‘ನಾಲ್ಕನೇ ಜ್ವರಕ್ಕೆ ಕೂತವೆ.
ಈಗ ಸೊಪ್ಪು ಹಾಕಬಾರದು, ಮುಟ್ಟಬಾರದು.
ಜ್ವರ ಸರಿಯಾಗಿ ಕೂರದ ಹುಳ ಗೂಡು ಕಟ್ಟಲ್ಲ.’

ಜೇಬಿನಲ್ಲಿ ಮೂರೂ ಇದ್ದವು.
ಯಾವುದಕ್ಕೆ ನಿದ್ದೆ ಬರುತ್ತದೆಂದು
ನಾನು ನೋಡಿರಲೇ ಇಲ್ಲ.

ರಾತ್ರಿ ಮೀಟರು ಹಿಡಿದು ಕೂತೆ.
ಎರಡನೆಯದರ ಚಿಪ್ಪು ಎಲ್ಲಕ್ಕಿಂತ ಚೆನ್ನಾಗಿ ಮಲಗುತ್ತದೆ,
ಬೋರ್ಡು ಮಲಗುವುದಿಲ್ಲ:
ಯಾರೂ ಹೇಳದ ಕಾವಲು ಕಾಯುತ್ತ
ಒಂದು ಕೆಂಪು ದೀಪ ಬ್ಯಾಟರಿ ಕುಡಿಯುತ್ತಿದೆ.
ಕಾದ ಕಬ್ಬಿಣದ ತುದಿ ತಾಗಿಸಿದೆ.
ಒಗ್ಗರಣೆಯ ಸಾಸಿವೆಯಂತೆ ಎಗರಿ
ಎಲ್ಲೋ ಬಿತ್ತು.
ಅಂಕಿ ಇಳಿಯಿತು. ಇನ್ನೂ ಇಳಿಯಬೇಕು,
ಮೂರು ಕಾಲಿನ ರೆಗ್ಯುಲೇಟರು ನಾಳೆಗಿರಲಿ.
‘ನಾನು ಹೇಳಿದ್ದೇ ಆಯ್ತಲ್ಲ’ ಎಂದ ಮುದಸ್ಸಿರ್.
ಆಗಲಿ ಬಿಡು.

ಈಗ ಅದು ಹತ್ತು ನಿಮಿಷಕ್ಕೊಮ್ಮೆ ಏಳುತ್ತದೆ,
ಇಪ್ಪತ್ತೈದು ಡಿಗ್ರಿ, ಎಪ್ಪತ್ತು ತೇವ ಅನ್ನುತ್ತದೆ,
ಮತ್ತೆ ಜ್ವರಕ್ಕೆ ಕೂರುತ್ತದೆ.
ಪಿಳ್ಳಮುನಿಯಮ್ಮ ಈಗಲೂ
ರಾತ್ರಿ ಮೂರು ಸಲ ಏಳುತ್ತಾರಂತೆ,
ಫೋನು ನೋಡಲು.

ಹಳಬನನ್ನು ಮುದಸ್ಸಿರ್ ಕೇಳಿದ, ಕೊಟ್ಟೆ.
ಕಾಲಿಲ್ಲದ್ದು ಡ್ರಾಯರಿನಲ್ಲಿದೆ, ಕೈಪಿಡಿಯ ಜೊತೆಗೆ.
ಹತ್ತು ಎಚ್‌ಪಿಯವರು ನಾಳೆ ಬೆಳಗ್ಗೆಯೇ ಬರುತ್ತಾರೆ.