ಮಂಬಿಯ ಮೂರು ನಿಮಿಷ

ಕ್ಲಿಫ್ ಮಂಬಿ, ಅರವತ್ತಾರು,
ಒಂಬತ್ತನೇ ನಂಬರಿನ ಬಸ್ಸನ್ನು ಇಪ್ಪತ್ತೆಂಟು ವರ್ಷ
ಗ್ರಿಮ್ಸ್‌ಬಿಯಿಂದ ಕ್ಲೀಥಾರ್ಪ್ಸಿಗೆ, ಕ್ಲೀಥಾರ್ಪ್ಸಿನಿಂದ ಗ್ರಿಮ್ಸ್‌ಬಿಗೆ
ಓಡಿಸಿದವನು,
ಕನ್ನಡಕದಂಗಡಿಯಲ್ಲಿ ನನ್ನೆದುರು ಗದ್ದ ಊರಿ ಕೂತಿದ್ದ.
"ಇದು ಚೆನ್ನಾಗಿ ಕಾಣುತ್ತೋ, ಇದೋ?" ಎಂದೆ.
ಎರಡನೇ ಗಾಜು ಬೀಳುವ ಮೊದಲೇ
"ಎರಡನೆಯದು" ಎಂದ.

ಆಗಲೇ ತಿಳಿಯಬೇಕಿತ್ತು ನನಗೆ
ಇವನು ಚದುರಂಗ ಹೇಗೆ ಆಡುತ್ತಾನೆಂದು.

ಹೊಸ ಕನ್ನಡಕ ಒಯ್ಯಲು ಬಂದ ದಿನ ಫೋನು ಚಾಚಿದ.
ಗಲ್ಲೆಯ ಪಕ್ಕದ ನನ್ನ ಪುಟ್ಟ ಮಣೆ ನೋಡಿದ್ದನಂತೆ.
ಮೂರು ಮೂರು ನಿಮಿಷದ ಆಟ, ಇನ್ನೂರ ಹನ್ನೆರಡು,
ಎದುರಿಗೆ ಮುಖವಿಲ್ಲದ ಮಂದಿ,
ಲಿಮಾದವನೊಬ್ಬ, ಟಿಬಿಲಿಸಿಯವಳೊಬ್ಬಳು.
"ನೋಡಿ ಹೇಳು. ಏನು ಸರಿ, ಏನು ರಿಪೇರಿ."

ನೋಡಿದೆ, ಮಂಬಿ. ಎರಡು ಭಾನುವಾರ ಹೋದವು.
(ಇಂಗ್ಲಿಷಿನಲ್ಲಿ ನೀನು ನೀವು ಎರಡೂ ಒಂದೇ.
ಇಲ್ಲಿ ನೀನು ಅನ್ನುತ್ತೇನೆ,
ನಿನ್ನ ಅರವತ್ತಾರಕ್ಕಲ್ಲ, ಆಟಕ್ಕೆ.)

ನಿನ್ನ ಕುದುರೆಗಳಿಗೆ ಕೈ ಮುಗಿದೆ.
ಎರಡೇ ನೆಗೆತಕ್ಕೆ ರಾಜ ರಾಣಿಯರ ನಡುವೆ ಕಾಲಿಟ್ಟು
ಇಬ್ಬರ ಸೆರಗೂ ಹಿಡಿಯುತ್ತವೆ.
ಗಡಿಯಾರದಲ್ಲಿ ಎಂಟು ಸೆಕೆಂಡು ಉಳಿದಾಗ
ಲಿಮಾದವನ ಬೆರಳು ನಡುಗಿದ್ದು ನನಗಿಲ್ಲಿ ಕಾಣುತ್ತದೆ,
ನಿನ್ನದು ನಡುಗುವುದಿಲ್ಲ.
ಬೆಳಗಿನ ಐದೂ ಮುಕ್ಕಾಲಿಗೆ
ಹಂಬರಿನ ಗಾಳಿಗೆ ವಾಲುವ ಡಬಲ್ ಡೆಕ್ಕರನ್ನು
ದಾರಿಗೆ ತಂದ ಕೈ ಅದು.
ಸೋತೆನೆಂದು ಕೈಚೆಲ್ಲುವವನೂ ಅಲ್ಲ:
ಉಳಿದದ್ದು ಒಂದೇ ಕಾಲಾಳಾದರೂ
ಕೊನೇ ಸ್ಟಾಪಿನವರೆಗೆ ಒಯ್ಯುತ್ತೀಯ.

ಇನ್ನು ರಿಪೇರಿ.
ನಮ್ಮಲ್ಲಿ ಆ ಮೂಲೆಯ ಕಾಯಿಗೆ ಆನೆ ಅನ್ನುತ್ತೇವೆ.
ನೀನು ಕೋಟೆ ಅಂದುಕೊಂಡಿದ್ದೀಯ,
ಅದಕ್ಕೇ ಅದು ಕದಲುವುದಿಲ್ಲ.
ನೂರ ನಲವತ್ತು ಆಟಗಳಲ್ಲಿ ನಿನ್ನ ಆನೆಗಳು
ಹುಟ್ಟಿದ ಮನೆಯಲ್ಲೇ ಸತ್ತಿವೆ.
ಆನೆ ನಡೆದದ್ದೇ ದಾರಿಯಂತೆ,
ಮೊದಲು ನಡೆಯಬೇಕಲ್ಲ, ಮಾರಾಯ.

ಮತ್ತೆ, ಮಂಗಳವಾರಗಳು.
ಮಂಗಳವಾರ ರಾತ್ರಿ ಎರಡರ ಮೇಲೆ
ಒಂಬತ್ತು ಸೋಲು, ಹನ್ನೊಂದು ಸೋಲು,
ಒಂದರ ಬಾಲ ಹಿಡಿದು ಇನ್ನೊಂದು,
ನಡುವೆ ನೀರು ಕುಡಿಯುವಷ್ಟೂ ಬಿಡುವಿಲ್ಲ.
ಮಂಗಳವಾರ ಏನೆಂದು ಕೇಳಲಿಲ್ಲ ನಾನು.
ಎರಡು ಸೋತರೆ ಫೋನು ಮಗುಚಿಡು
ಎಂದಷ್ಟೇ ಬರೆದುಕೊಟ್ಟೆ,
ಕಣ್ಣಿಗೆ ಹಾಕುವ ಹನಿಯ ಚೀಟಿಯ ಬೆನ್ನಿಗೆ.

ಆದರೆ ಆ ಒಂದು ಆಟ, ನೂರ ಎಪ್ಪತ್ತೇಳನೆಯದು!
ಹತ್ತೊಂಬತ್ತನೇ ನಡೆಗೆ ನಲವತ್ತೊಂದು ಸೆಕೆಂಡು.
ಕಣ್ಣು ಹೋಗುವ ಮೊದಲೇ ಕೈ ಹೋಗುವ ನೀನು,
ನಲವತ್ತೊಂದು ಸೆಕೆಂಡು!
ಆಮೇಲೆ ಒಂಟೆ, ಒಂದೇ ಒಂದು ಮನೆ ಹಿಂದಕ್ಕೆ,
ಚಪ್ಪಲಿ ಬಿಟ್ಟು ಒಳಬಂದಷ್ಟು ಮೆಲ್ಲಗೆ.
ಐದು ನಡೆ ಕಳೆಯುವಷ್ಟರಲ್ಲಿ
ಟಿಬಿಲಿಸಿಯವಳ ರಾಣಿಗೆ ಹೋಗಲು ತಾವಿಲ್ಲ.
ನಾನು ಎದ್ದು ನಿಂತು ನೋಡಿದೆ ಅದನ್ನ, ಎರಡು ಸಲ.
ಏನು ಯೋಚಿಸಿದೆ ಅಂತ ಕೇಳಿದೆ.

"ಅದಾ?" ತಲೆ ಕೆರೆದ ಮಂಬಿ.
"ಪಕ್ಕದ ಮನೆ ಐವಿ ಹ್ಯಾಡಕ್ ಮೀನು ತಂದಿದ್ದಳು.
ಎರಡೂ ಕೈ ಒದ್ದೆ, ಮೈಯೆಲ್ಲ ಹೊಗೆಯ ವಾಸನೆ,
ಒರೆಸಲು ಬಟ್ಟೆ ಸಿಗಲಿಲ್ಲ.
ಫೋನು ಮುಟ್ಟುವ ಹಾಗಿಲ್ಲವಲ್ಲ,
ಸುಮ್ಮನೆ ದೂರದಿಂದ ನೋಡುತ್ತ ನಿಂತೆ."

ಕಾಲೇಜಿನ ಕಪ್ಪು, ಎರಡು ಭಾನುವಾರ,
ಇನ್ನೂರ ಹನ್ನೆರಡು ಆಟ, ಎಲ್ಲ ಅರೆದು
ನನ್ನಿಂದ ಇಳಿದ ಸಲಹೆ ಇಷ್ಟೇ:
ಕೈ ಒದ್ದೆ ಇಟ್ಟುಕೋ.
ಗಾಜು ಬೀಳಲಿ. ಆಮೇಲೆ ಹೇಳು.

ನಕ್ಕ. ಬಾಗಿಲ ಗಂಟೆ ಬಾರಿಸಿಕೊಂಡು ಹೋದ.
ಈಗ ಕೆಫೆಯಲ್ಲಿ ಹುಡುಗರಿಗೂ ಮೂಲೆ ತೋರಿಸಿ
"ಆನಿ, ಆನಿ" ಅನ್ನುತ್ತಾನಂತೆ.

ನಿನ್ನೆ ಮಂಗಳವಾರ.
ಅಂಗಡಿ ತೆರೆಯುವ ಮುಂಚೆ ಅವನ ಲೆಕ್ಕ ನೋಡಿದೆ.
ಎರಡಲ್ಲ, ಮೂರು ಸೋತಿದ್ದಾನೆ.
ಆಮೇಲೆ ಏನೂ ಇಲ್ಲ, ಬೆಳಗಿನವರೆಗೆ.
ಇರಲಿ.