ಮೂರು ತಂತಿ

ದುರ್ಗಿಗುಡಿಯ ಮಿಕ್ಸಿ ರಿಪೇರಿ ಅಂಗಡಿಯ ಮೇಲೆ
ನಮ್ಮ ಸ್ಟುಡಿಯೋ.
ಕೆಳಗೆ ಮೋಟರು ತಿರುಗಿದರೆ
ಮೇಲೆ ರೆಕಾರ್ಡಿನೊಳಗೆ ಗುಂಯ್.

ಲಾರೆನ್ಸಣ್ಣ ಹಳೇ ಕೇಬಲ್ ಬಿಸಾಕಿ
ಹೊಸದರ ಸಿಪ್ಪೆ ಸುಲಿದ:
ಈ ಜಡೆ ನೆಲಕ್ಕೆ.
ಒಳಗಿನ ಕೆಂಪು, ಬಿಳಿ
ಎರಡೂ ಒಂದೇ ದನಿ ಹೊರುತ್ತವೆ,
ಒಂದು ನೆಟ್ಟಗೆ, ಒಂದು ತಲೆಕೆಳಗೆ.
ದಾರಿಯಲ್ಲಿ ಹತ್ತಿದ ಗುಂಯ್ ಮಾತ್ರ
ಎರಡಕ್ಕೂ ಒಂದೇ ಥರ.
ಕೊನೆಗೆ ತಲೆಕೆಳಗಾದದ್ದನ್ನು ತಿರುಗಿಸಿ ಕೂಡು:
ದನಿ ದುಪ್ಪಟ್ಟು, ಗುಂಯ್ ವಜಾ.

ಸಂಜೆ ಹೊಸನಗರದ ದೇವೀರಮ್ಮ
ಬೀಸೋ ಪದ ಹೇಳಿದಳು.
ಕೆಳಗೆ ಮೋಟರು ನಿಂತಿರಲಿಲ್ಲ.
ಕೇಳಿದೆವು: ಗುಂಯ್ ಇಲ್ಲ.
ಎರಡನೇ ನುಡಿಯಲ್ಲಿ ಒಂದು ಕೆಮ್ಮು
ಹಾಗೇ ಇದೆ.

ಅಳಿಸಲಾ? ಅಂದೆ.
ಕೇಬಲ್ಲನ್ನು ಒಳಗೊಂದು ಹೊರಗೊಂದು ಸುತ್ತು ಹಾಕುತ್ತ
ಲಾರೆನ್ಸಣ್ಣ ಅಂದ:
ಅದು ದಾರಿಯಲ್ಲಿ ಹತ್ತಿದ್ದಲ್ಲ, ಬಿಡು.